ಸತ್ತ ಮೇಲೂ ಸ್ಕ್ವಾಡ್ ಬಿಡಬೇಡಿ

ಬಿಜಿಎಂಐ ಆಡೋರಿಗೆಲ್ಲ ಇದು ಗೊತ್ತಿರುತ್ತೆ. ನಾಲ್ಕು ಜನ ಪ್ಲೇನಿಂದ ಜಿಗೀತಾರೆ. ಮೂವರು ಒಂದು ಕಡೆ ಮಾರ್ಕ್ ಮಾಡಿದ್ರೆ, ಒಬ್ಬ ಮಾತ್ರ ಯಾರ ಮಾತೂ ಕೇಳದೆ ಸೀದಾ ಪೊಚಿಂಕಿ ಮಧ್ಯದಲ್ಲಿ ಇಳೀತಾನೆ. ಕೈಗೆ ಗನ್ ಸಿಗೋ ಮೊದಲೇ ನಾಕ್ ಆಗ್ತಾನೆ. 'ರಿವೈವ್, ರಿವೈವ್' ಅಂತ ಕೂಗ್ತಾನೆ. ಉಳಿದವರು ಓಡಿ ಬರೋಷ್ಟರಲ್ಲಿ ಅವನ ಕಥೆ ಮುಗಿದಿರುತ್ತೆ. ಮೈಕಲ್ಲಿ ಒಂದು ಬೈಗುಳ ಕೇಳುತ್ತೆ, ಆಮೇಲೆ ಸದ್ದಿಲ್ಲ. ನೋಡಿದ್ರೆ ಆಸಾಮಿ ಮ್ಯಾಚ್ ಬಿಟ್ಟು ಹೋಗಿ ಆಗಿದೆ.

ಇದನ್ನ ನಮ್ಮಲ್ಲಿ ಯಾರೂ ತಪ್ಪು ಅಂತ ಅಂದುಕೊಳ್ಳೋದಿಲ್ಲ. 'ಸತ್ತ ಮೇಲೆ ಕೂತು ಏನ್ ಮಾಡ್ಲಿ ಮಗಾ, ಹೊಸ ಮ್ಯಾಚ್ ಹಾಕ್ತೀನಿ' ಅನ್ನೋದು ಎಲ್ಲರ ಲೆಕ್ಕ. ಟೀಮ್ ಕಿಲ್ ಮಾಡೋನು, ಬೇರೆಯವರು ಕೊಂದವನ ಕ್ರೇಟಿಗೆ ಮೊದಲು ಓಡೋನು, ಬಾಯಿಗೆ ಬಂದ ಹಾಗೆ ಬೈಯೋನು, ಇವರನ್ನಷ್ಟೇ ನಾವು ಕೆಟ್ಟ ಟೀಮ್‌ಮೇಟ್ ಅಂತ ಕರೀತೀವಿ. ನನ್ನ ಅಭಿಪ್ರಾಯ ಬೇರೆ. ಒಬ್ಬ ಎಂಥ ಟೀಮ್‌ಮೇಟ್ ಅಂತ ಗೊತ್ತಾಗೋದೇ ಅವನು ಸತ್ತ ಮೇಲೆ. ಬದುಕಿರುವಾಗ ಎಲ್ಲರೂ ಒಳ್ಳೆಯವರೇ, ಯಾಕಂದ್ರೆ ಜೊತೆಯಲ್ಲಿರೋದ್ರಿಂದ ಅವರಿಗೂ ಲಾಭ ಇದೆ. ನಾನು ಬಿದ್ರೆ ಇವನು ಎತ್ತಬೇಕು, ನನ್ನ ಹತ್ರ ಬುಲೆಟ್ ಇಲ್ಲದಿದ್ರೆ ಇವನು ಕೊಡಬೇಕು. ಸತ್ತ ಮೇಲೆ ಆ ಲಾಭ ಮುಗೀತು. ಬೇಕಾಗಿರೋದು ಉಳಿದ ಮೂವರಿಗೆ ಮಾತ್ರ. ಆಗ ಅವನು ಕೂರ್ತಾನಾ, ಎದ್ದು ಹೋಗ್ತಾನಾ?

ಕೂತು ಏನು ಪ್ರಯೋಜನ ಅಂತ ಕೇಳೋರಿಗೆ ಒಂದು ಸಣ್ಣ ಲೆಕ್ಕ. ಎರಾಂಗೆಲ್ ಮ್ಯಾಪ್ 8 ಕಿಲೋಮೀಟರ್ ಉದ್ದ, 8 ಕಿಲೋಮೀಟರ್ ಅಗಲ, 100 ಜನ. ಒಂದು ಮ್ಯಾಚ್ ಪೂರ್ತಿ ಆಡಿದ್ರೆ ಸುಮಾರು ಅರ್ಧ ಗಂಟೆ. ನಾಲ್ಕು ಜನರ ಅರ್ಧರ್ಧ ಗಂಟೆ ಸೇರಿದ್ರೆ ಎರಡು ಗಂಟೆ. ಅದರಲ್ಲಿ ನಿಮ್ಮದು ಕಾಲು ಭಾಗ, ಮುಕ್ಕಾಲು ಬೇರೆಯವರದ್ದು. ಸತ್ತವನು ಸ್ಪೆಕ್ಟೇಟ್ ಮಾಡ್ತಾ ಕೂತ್ರೆ ಬದುಕಿರೋನಿಗೆ ಇನ್ನೊಂದು ಜೊತೆ ಕಣ್ಣು, ಕಿವಿ ಸಿಕ್ಕ ಹಾಗೆ. ಅವನು ಬ್ಯಾಗ್ ತೆಗೆದು ಬ್ಯಾಂಡೇಜ್ ಹುಡುಕ್ತಾ ಇರುವಾಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಬಂದ್ರೆ ನೀವು ಹೇಳಬಹುದು. ನಿಮ್ಮನ್ನ ಹೊಡೆದವನು ಯಾವ ಕಿಟಕಿಯಲ್ಲಿದ್ದ, ಎಷ್ಟು ಜನ ಇದ್ರು ಅನ್ನೋದು ಇಡೀ ಸ್ಕ್ವಾಡಲ್ಲಿ ಗೊತ್ತಿರೋದು ನಿಮಗೊಬ್ಬರಿಗೇ. ಆ ಮಾಹಿತಿ ತಗೊಂಡು ಲಾಬಿಗೆ ಹೋಗಿ ಏನು ಮಾಡ್ತೀರಾ? ಅಲ್ಲದೆ ಈಗ ಬಹಳ ಗೇಮ್‌ಗಳಲ್ಲಿ ಸತ್ತವನನ್ನ ವಾಪಸ್ ಕರೆಸೋ ದಾರಿ ಇದೆ. 2019ರಲ್ಲಿ ಏಪೆಕ್ಸ್ ಲೆಜೆಂಡ್ಸ್ ಇದನ್ನ ತಂತು, ಅದೇ ವರ್ಷ ಫೋರ್ಟ್‌ನೈಟ್ ರೀಬೂಟ್ ವ್ಯಾನ್ ಇಟ್ಟಿತು, ಆಮೇಲೆ ನಮ್ಮ ಬಿಜಿಎಂಐಗೂ ರೀಕಾಲ್ ಬಂತು. ಟೀಮಿನವರು ಪ್ರಾಣ ಒತ್ತೆ ಇಟ್ಟು ಕರೆಸೋಕೆ ಹೋದಾಗ ಸತ್ತವನು ಇನ್ನೊಂದು ಮ್ಯಾಚಿನ ಪ್ಲೇನಲ್ಲಿ ಕೂತಿದ್ರೆ ಹೇಗಿರುತ್ತೆ ಯೋಚನೆ ಮಾಡಿ.

ಗೇಮ್ ಕಂಪನಿಗಳು ಇದನ್ನ ಹೊಸದಾಗಿ ಕಂಡುಹಿಡಿದ ಹಾಗೆ ಹೇಳ್ಕೋತಾರೆ. ಆದ್ರೆ ನಮ್ಮ ಕೆ.ಆರ್. ನಗರ, ಹುಣಸೂರು ಕಡೆ ಊರುಗಳಲ್ಲಿ ಗಣೇಶನ ಹಬ್ಬಕ್ಕೆ ಲೈಟ್ ಕಟ್ಟಿ ಆಡೋ ಕಬಡ್ಡಿ ನೋಡಿದವರಿಗೆ ರಿವೈವ್ ಏನು ಹೊಸದಲ್ಲ. ಏಳು ಜನ ಒಳಗೆ. ಔಟ್ ಆದವನು ಅಂಕಣದ ಪಕ್ಕದಲ್ಲಿ ಕೂರಬೇಕು. ತನ್ನ ಟೀಮಿನವರು ಎದುರಿನವನೊಬ್ಬನನ್ನ ಔಟ್ ಮಾಡಿದ್ರೆ ಹೊರಗಿರೋ ಒಬ್ಬ ವಾಪಸ್ ಒಳಗೆ ಬರ್ತಾನೆ, ಅದೂ ಔಟಾದ ಸರದಿ ಪ್ರಕಾರವೇ. ಹೊರಗೆ ಕೂತೋರು ಸುಮ್ಮನೆ ಕೂತಿರ್ತಾರಾ? ರೈಡಿಗೆ ಹೋದವನಿಗೆ 'ಕಾರ್ನರ್ ನೋಡ್ಕೋ', 'ಬೋನಸ್ ಐತೆ ಕಣೋ' ಅಂತ ಗಂಟಲು ಹರಿದುಕೊಳ್ಳೋರು ಅವರೇ. ಔಟಾದ ತಕ್ಷಣ ಟೀ ಶರ್ಟ್ ಹಾಕ್ಕೊಂಡು ಮನೆಗೆ ಹೋದ ಆಟಗಾರನನ್ನ ನಾನಂತೂ ನೋಡಿಲ್ಲ. ಹೋಗಿದ್ರೆ ಮಾರನೇ ದಿನ ಟೀ ಅಂಗಡಿ ಮುಂದೆ ಅವನಿಗೆ ಇರ್ತಿತ್ತು. 2023ರಲ್ಲಿ ಹ್ಯಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಕಬಡ್ಡಿಗೂ ಪದಕ ಇತ್ತು, ಇ-ಸ್ಪೋರ್ಟ್ಸ್‌ಗೂ ಇತ್ತು. ಎರಡೂ ಟೀಮ್ ಆಟ ಅಂತ ಒಪ್ಪಿಕೊಂಡ ಮೇಲೆ ಒಂದರಲ್ಲಿ ಮಾತ್ರ ಔಟಾದವನು ಎದ್ದು ಹೋಗಬಹುದು ಅನ್ನೋದು ಯಾವ ನ್ಯಾಯ?

ವ್ಯತ್ಯಾಸ ಇರೋದು ಆ ಟೀ ಅಂಗಡಿಯಲ್ಲಿ. ಆನ್‌ಲೈನಲ್ಲಿ ಸಿಗೋ ರ‍್ಯಾಂಡಮ್ ಟೀಮ್‌ಮೇಟ್ ನಾಳೆ ಸಿಗಲ್ಲ. ನಮ್ಮದು ಭತ್ತದ ಸೀಮೆ. ಕಾವೇರಿ ನಾಲೆಗೆ ನೀರು ಬಿಟ್ಟು ನಾಟಿ ಶುರುವಾದ್ರೆ ಎಲ್ಲರ ಗದ್ದೆಗೂ ಒಂದೇ ಸಲ ಆಳು ಬೇಕು. ನಮ್ಮಜ್ಜಿ ಕಾಲದಲ್ಲಿ ಅದಕ್ಕೆ ಮುಯ್ಯಾಳು ಅಂತ ಮಾಡ್ತಿದ್ರು. ಇವತ್ತು ನಾವು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ದುಡ್ಡಿಲ್ಲ, ಕಾಗದ ಪತ್ರ ಇಲ್ಲ. ತನ್ನ ನಾಟಿ ಮುಗಿಸ್ಕೊಂಡು ಬೇರೆಯವರ ಗದ್ದೆಗೆ ಬರದೇ ಇದ್ದವರಿಗೆ ಮುಂದಿನ ವರ್ಷ ಯಾರೂ ಬರ್ತಿರಲಿಲ್ಲ, ಅಷ್ಟೇ ರೂಲು. ಈಗ ಕೂಲಿ ಆಳು, ನಾಟಿ ಮಿಷನ್ ಬಂದು ಅದು ಕಮ್ಮಿಯಾಗಿದೆ, ಆ ಮಾತು ಬೇರೆ. ಮ್ಯಾಚ್‌ಮೇಕಿಂಗ್‌ನಲ್ಲಿ ಮುಂದಿನ ವರ್ಷ ಅನ್ನೋದೇ ಇಲ್ಲ. ಅರ್ಧ ಗಂಟೆ ಸಂಬಂಧ, ಆಮೇಲೆ ನೀನ್ಯಾರೋ ನಾನ್ಯಾರೋ. ಆ ಜಾಗ ತುಂಬೋಕೆ ಕಂಪನಿಗಳು ಪಾಯಿಂಟ್ ಇಟ್ಟಿದ್ದಾರೆ. ಬಿಜಿಎಂಐನಲ್ಲಿ ಮೆರಿಟ್ ಅಂತ ಇದೆ. ಟೀಮಿನವರನ್ನ ಕೊಂದ್ರೆ, ಬದುಕಿರುವಾಗ ಮ್ಯಾಚ್ ಬಿಟ್ರೆ ಕಮ್ಮಿಯಾಗುತ್ತೆ. ವ್ಯಾಲರಂಟ್‌ನಲ್ಲಿ ಮಧ್ಯದಲ್ಲಿ ಎದ್ದು ಹೋದ್ರೆ ಸ್ವಲ್ಪ ಹೊತ್ತು ಕ್ಯೂ ಹಾಕೋಕೆ ಬಿಡಲ್ಲ. ಅಲ್ಲಿ ಅದು ಇನ್ನೂ ಮುಖ್ಯ, ಐದು ಜನ ಎದುರು ಐದು ಜನ, 13 ರೌಂಡ್ ಗೆಲ್ಲೋವರೆಗೆ ನಾಲ್ಕೇ ಜನ ಆಡಬೇಕಂದ್ರೆ ಅದು ಆಟ ಅಲ್ಲ, ಶಿಕ್ಷೆ. ಆದ್ರೆ ಬ್ಯಾಟಲ್ ರಾಯಲ್‌ನಲ್ಲಿ ಸತ್ತ ಮೇಲೆ ಹೋದವನನ್ನ ಸಾಮಾನ್ಯವಾಗಿ ಯಾವ ಪಾಯಿಂಟೂ ಕೇಳಲ್ಲ. ರೂಲು ಅಲ್ಲಿಗೆ ನಿಲ್ಲುತ್ತೆ. ಅಲ್ಲಿಂದ ಮುಂದೆ ಇರೋದು ನಮ್ಮ ನಮ್ಮ ಮರ್ಯಾದೆ.

ಈ ಪಾಯಿಂಟುಗಳಿಗೆ ಇನ್ನೊಂದು ತೊಂದರೆ ಇದೆ. ಬೇಕಂತ ಬಿಟ್ಟವನು ಯಾರು, ಕರೆಂಟ್ ಹೋಗಿ ಬಿಟ್ಟವನು ಯಾರು ಅಂತ ಸರ್ವರ್‌ಗೆ ಗೊತ್ತಾಗಲ್ಲ. ಬೆಂಗಳೂರಿನ ಫೈಬರ್ ಕನೆಕ್ಷನ್‌ನವರಿಗೆ ಇದು ದೊಡ್ಡ ವಿಷಯ ಅನ್ನಿಸದೇ ಇರಬಹುದು. ನಮ್ಮ ಕಡೆ ಮಳೆಗಾಲದಲ್ಲಿ ಜೋರು ಗಾಳಿ ಬೀಸಿದ್ರೆ ಕರೆಂಟ್ ಹೋಗುತ್ತೆ, ಅದರ ಹಿಂದೆಯೇ ವೈಫೈ. ಎಚ್.ಡಿ. ಕೋಟೆ ಕಡೆ ಕಾಡಂಚಿನ ಊರಿನ ಹುಡುಗರು ಸಿಗ್ನಲ್‌ಗೆ ತಾರಸಿ ಹತ್ತಬೇಕು. ಕೆ.ಆರ್. ನಗರದಿಂದ ಮೈಸೂರಿಗೆ ದಿನಾ ಟ್ರೈನಲ್ಲಿ ಓಡಾಡೋರು ಎಲ್ಲಿ ಪಿಂಗ್ ಕೆಂಪಾಗುತ್ತೆ ಅಂತ ಬಾಯಿಪಾಠ ಹೇಳ್ತಾರೆ. ಇವರೆಲ್ಲರೂ ಸಿಸ್ಟಮ್ ಪ್ರಕಾರ 'ಬಿಟ್ಟು ಹೋದವರು'.

ನನ್ನ ಪಿಯುಸಿ ಫ್ರೆಂಡ್ ಒಬ್ಬನದು ಪಿರಿಯಾಪಟ್ಟಣದ ಹತ್ತಿರ ಹಳ್ಳಿ. ಅವರದ್ದು ಹೊಗೆಸೊಪ್ಪು. ಸೊಪ್ಪು ಬೇಯಿಸೋ ಟೈಮಲ್ಲಿ ಬ್ಯಾರನ್ ಮುಂದೆ ರಾತ್ರಿ ಪೂರ್ತಿ ಯಾರಾದ್ರೂ ಇರಲೇಬೇಕು, ಬಿಸಿ ಹೆಚ್ಚೂ ಆಗಬಾರದು, ಕಮ್ಮಿಯೂ ಆಗಬಾರದು, ಆದ್ರೆ ವರ್ಷದ ದುಡಿಮೆ ಹಾಳು. ಅವನು ಅಲ್ಲೇ ಕೂತು ನಮ್ಮ ಜೊತೆ ಆಡ್ತಾನೆ. ಮ್ಯಾಚ್ ಶುರುವಾಗೋ ಮೊದಲೇ ಹೇಳಿಬಿಡ್ತಾನೆ: 'ನಡುವೆ ಸೌದೆ ಹಾಕೋಕೆ ಹೋಗ್ತೀನಿ, ಐದು ನಿಮಿಷ.' ಆ ಟೈಮ್ ಬಂದಾಗ ಒಂದು ಮನೆ ಒಳಗೆ ಮಲಗಿಸಿ, ತನ್ನ ಹತ್ರ ಇರೋ ಸ್ಮೋಕ್, ಫಸ್ಟ್ ಏಡ್ ಕೆಳಗೆ ಹಾಕಿ, 'ಸತ್ರೆ ಸಾಯ್ಲಿ ಬಿಡ್ರೋ, ನನಗೋಸ್ಕರ ಬರಬೇಡಿ' ಅಂತ ಹೇಳಿ ಹೋಗ್ತಾನೆ. ಅರ್ಧ ಮ್ಯಾಚ್ ಆಡಿದ್ರೂ ನಮ್ಮ ಗ್ಯಾಂಗಲ್ಲಿ ಅವನಿಗಿಂತ ಒಳ್ಳೆ ಟೀಮ್‌ಮೇಟ್ ಇಲ್ಲ. ಮಧ್ಯದಲ್ಲಿ ಹೋಗಬೇಕಾಗೋದು ಯಾರಿಗೂ ತಪ್ಪಿದ್ದಲ್ಲ. ಆನ್‌ಲೈನ್ ಗೇಮ್‌ಗೆ ಪಾಸ್ ಬಟನ್ ಇಲ್ಲ ಅನ್ನೋದು ಯಾವ ಅಮ್ಮನಿಗೂ ಇವತ್ತಿನವರೆಗೆ ಅರ್ಥ ಆಗಿಲ್ಲ, ಅರ್ಥ ಆಗಬೇಕು ಅಂತಲೂ ಇಲ್ಲ, ಊಟಕ್ಕೆ ಕರೆದಾಗ ಎದ್ದು ಹೋಗಲೇಬೇಕು. ಮೊದಲೇ ಒಂದು ಮಾತು ಹೇಳೋಕೆ ಏನು ಖರ್ಚು?

ಇನ್ನು ಬೈಗುಳ. ಬೈಯೋರು ಒಂದು ಜಾತಿ, ನಾವು ಇನ್ನೊಂದು ಜಾತಿ ಅಂತ ಎಲ್ಲರೂ ನಂಬಿದ್ದಾರೆ. ಲೀಗ್ ಆಫ್ ಲೆಜೆಂಡ್ಸ್ ಮಾಡಿದ ರಯಟ್ ಗೇಮ್ಸ್‌ನವರು ಇದನ್ನ ತಮ್ಮ ಚಾಟ್ ದಾಖಲೆಗಳಲ್ಲಿ ಹುಡುಕಿ ನೋಡಿದ್ರು. ಸಿಕ್ಕಿದ್ದು ಬೇರೆಯೇ. ಯಾವಾಗಲೂ ಕೆಟ್ಟದಾಗಿ ನಡ್ಕೊಳ್ಳೋರು ಸ್ವಲ್ಪ ಜನ ಇದ್ರು, ನಿಜ. ಆದ್ರೆ ಒಟ್ಟು ಬೈಗುಳದಲ್ಲಿ ಹೆಚ್ಚಿನ ಪಾಲು ಬಂದಿದ್ದು ಮಾಮೂಲಿ ಜನರಿಂದ, ಯಾವುದೋ ಒಂದು ಕೆಟ್ಟ ದಿನದಲ್ಲಿ. ಅಂದ್ರೆ ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಮ್ಮಿ ಬಂದ ದಿನ ನೀವು, ನಾನು. ಅವರು ಇನ್ನೊಂದು ಪ್ರಯೋಗವನ್ನೂ ಮಾಡಿದ್ರು. ಎದುರಾಳಿ ಟೀಮ್ ಜೊತೆ ಚಾಟ್ ಮಾಡೋ ಸೌಲಭ್ಯವನ್ನ ತೆಗೆದುಹಾಕಲಿಲ್ಲ, ಮೊದಲಿಗೆ ಆಫ್ ಇರೋ ಹಾಗೆ ಮಾತ್ರ ಮಾಡಿದ್ರು. ಬೇಕಾದವರು ಸೆಟ್ಟಿಂಗ್‌ಗೆ ಹೋಗಿ ಆನ್ ಮಾಡ್ಕೋಬಹುದಿತ್ತು. ಚಾಟ್ ಮಾಡೋರ ಪ್ರಮಾಣ ಹೆಚ್ಚುಕಮ್ಮಿ ಅಷ್ಟೇ ಉಳೀತು, ಕೆಟ್ಟ ಮಾತು ಮಾತ್ರ ಸುಮಾರು ಮೂರನೇ ಒಂದು ಭಾಗ ಇಳೀತು. ನಾಲ್ಕು ಸೆಕೆಂಡ್ ಕೆಲಸ ಮಧ್ಯೆ ಬಂದಿದ್ದಕ್ಕೇ ಅಷ್ಟು ಕೋಪ ತಣ್ಣಗಾಯ್ತು. ಅದಕ್ಕೇ 'ಅವನು ಟಾಕ್ಸಿಕ್, ನಾನು ಹಾಗಲ್ಲ' ಅನ್ನೋ ಮಾತನ್ನ ನಾನು ಅಷ್ಟು ನಂಬಲ್ಲ. ನಾಕ್ ಆದ ತಕ್ಷಣದ ಐದು ಸೆಕೆಂಡ್ ಮೈಕ್ ಆಫ್ ಮಾಡಿಟ್ರೆ ಅರ್ಧ ಸಮಸ್ಯೆ ಮುಗಿಯುತ್ತೆ.

ಮೈಕ್ ಆನ್ ಇದ್ದಾಗ ಏನು ಮಾತಾಡ್ತೀವಿ ಅನ್ನೋದೂ ಮುಖ್ಯ. 'ಅಲ್ಲಿ! ಅಲ್ಲಿ! ಮರದ ಹಿಂದೆ!' ಅಂತಾರೆ. ಎಲ್ಲಿ? ಎರಾಂಗೆಲ್‌ನಲ್ಲಿ ಎಷ್ಟು ಮರ ಇದೆ? 'ನನ್ನ ಬಲಗಡೆ' ಅಂದ್ರೆ ನಿನ್ನ ಬಲಗಡೆ ನನಗೆ ಹೇಗೆ ಗೊತ್ತಾಗ್ಬೇಕು? ಸ್ಕ್ರೀನ್ ಮೇಲ್ಗಡೆ ದಿಕ್ಸೂಚಿ ಇದೆ, 0ಯಿಂದ 360ರವರೆಗೆ ನಂಬರ್ ಇದೆ. '165, ಹಳದಿ ಮನೆ, ಮೇಲಿನ ಮಹಡಿ, ಇಬ್ಬರು' ಅಂದ್ರೆ ಮುಗೀತು. ಇದು ಚಾಣಾಕ್ಷತನ ಅಲ್ಲ, ಸೌಜನ್ಯ. ಕೇಳೋನ ಜಾಗದಲ್ಲಿ ನಿಂತು ಮಾತಾಡೋದು.

ಇಲ್ಲೇ ಭಾಷೆ ವಿಷಯ ಬರುತ್ತೆ. ಕನ್ನಡ ಸಂಘದ ಪತ್ರಿಕೆಯಲ್ಲಿ ಇದನ್ನ ಬರೆದ್ರೆ ಕೆಲವರಿಗೆ ಬೇಜಾರಾಗಬಹುದು, ಆದ್ರೂ ಬರೀತೀನಿ. ಮೈಕ್ ಆನ್ ಮಾಡಿದ ತಕ್ಷಣ 'ಹಿಂದಿ ಮೆ ಬೋಲ್' ಅನ್ನೋರು ನಮಗೆಲ್ಲ ಸಿಕ್ಕಿದ್ದಾರೆ. ಸಿಟ್ಟು ಬರುತ್ತೆ, ಬರಬೇಕು ಕೂಡ. ಆದ್ರೆ ಅದೇ ಕೆಲಸ ನಾವೂ ಮಾಡ್ತೀವಿ. ಮೂವರು ನಾವು ಮೈಸೂರಿನವರು, ನಾಲ್ಕನೆಯವನು ಇನ್ಯಾವುದೋ ರಾಜ್ಯದವನು ಬಂದ್ರೆ, ಅವನು ಸ್ಕ್ವಾಡಲ್ಲಿ ಇದ್ದೂ ಇಲ್ಲದ ಹಾಗೆ. ಹರಟೆ ಕನ್ನಡದಲ್ಲೇ ಇರಲಿ, ಯಾರೂ ಬಿಡಬೇಕಾಗಿಲ್ಲ. ದಿಕ್ಕಿನ ನಂಬರ್ ಮಾತ್ರ ಅವನಿಗೂ ಗೊತ್ತಾಗೋ ಹಾಗೆ ಇಂಗ್ಲಿಷಲ್ಲಿ ಹೇಳಿ, ಇಲ್ಲಾಂದ್ರೆ ಮಾರ್ಕ್ ಮಾಡಿ. ಏಪೆಕ್ಸ್‌ನವರು ಒಂದೇ ಬಟನ್ ಒತ್ತಿದ್ರೆ 'ಇಲ್ಲಿ ಶತ್ರು', 'ಇಲ್ಲಿ ಗನ್ ಇದೆ', 'ಆ ಕಡೆ ಹೋಗೋಣ' ಅಂತ ಟೀಮಿಗೆ ತಿಳಿಸೋ ಪಿಂಗ್ ಕೊಟ್ಟಾಗ, ಒಂದು ಮಾತೂ ಆಡದೆ ಪೂರ್ತಿ ಮ್ಯಾಚ್ ಆಡಬಹುದು ಅಂತ ಸಾಬೀತಾಯ್ತು. ಇದರಿಂದ ದೊಡ್ಡ ಉಪಕಾರ ಆಗಿದ್ದು ನಮ್ಮಂಥ ಊರಿನ ಹುಡುಗರಿಗೇ. ಹಿಂದಿ ಬರಲ್ಲ, ಇಂಗ್ಲಿಷ್ ಮಾತಾಡಿದ್ರೆ ನಗ್ತಾರೇನೋ ಅಂತ ಮೈಕ್ ಮುಟ್ಟದೆ ಆಡೋರು ಬಹಳ ಜನ ಇದ್ದಾರೆ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ, ಹಾಗಾಗಿ ನನಗೆ ಆ ಭಯ ಇಲ್ಲ. ಆದ್ರೆ ನನಗಿಂತ ಚೆನ್ನಾಗಿ ಆಡೋ ಹುಡುಗರು ಲಾಬಿಯಲ್ಲಿ ಬಾಯಿ ಬಿಡದೆ ಇರೋದನ್ನ ನೋಡಿದ್ದೀನಿ. ಮೈಕ್ ಆಫ್ ಇದೆ ಅಂದ ಮಾತ್ರಕ್ಕೆ 'ನೂಬ್' ಅಂತ ಕಿಕ್ ಮಾಡಬೇಡಿ.

ಮೈಕ್ ಮುಟ್ಟದೇ ಇರೋ ಇನ್ನೊಂದು ಗುಂಪು ಹುಡುಗೀರು. ನಮ್ಮ ಚಿಕ್ಕಮ್ಮನ ಮಗಳು ವ್ಯಾಲರಂಟ್ ಆಡ್ತಾಳೆ, ನನಗಿಂತ ಮೇಲಿನ ರ‍್ಯಾಂಕು. ಒಂದು ದಿನಕ್ಕೂ ವಾಯ್ಸ್ ಚಾಟ್ ಆನ್ ಮಾಡಲ್ಲ. ಯಾಕಕ್ಕಾ ಅಂತ ಕೇಳಿದ್ರೆ, 'ಒಂದು ಸಲ ಹಲೋ ಅಂದೆ ಕಣೋ, ಆಮೇಲೆ ಆ ಮ್ಯಾಚಲ್ಲಿ ಯಾರೂ ಆಟ ಆಡಲಿಲ್ಲ' ಅಂದ್ಲು. ಒಬ್ಬ ಇನ್‌ಸ್ಟಾ ಐಡಿ ಕೇಳ್ದ, ಒಬ್ಬ ಅಡುಗೆಮನೆ ಜೋಕ್ ಹೊಡೆದ, ಒಬ್ಬ ಕಾವಲು ಕಾಯೋ ಹೀರೋ ಥರ ಆಡ್ದ. ಸೋತ್ರು. ಅವಳು ಸ್ಮೋಕ್ ಹಾಕೋ ಕಂಟ್ರೋಲರ್ ಆಗಿ ಆಡ್ತಾಳೆ, ಯಾವ ಕಡೆ ಯಾವಾಗ ಸ್ಮೋಕ್ ಬೀಳುತ್ತೆ ಅಂತ ಹೇಳಬೇಕಾಗಿರೋಳೇ ಬಾಯಿ ಮುಚ್ಕೊಂಡು ಆಡೋ ಪರಿಸ್ಥಿತಿ. ಇದರಲ್ಲಿ ವಾದ ಮಾಡೋಕೆ ಏನೂ ಇಲ್ಲ. ಆಟದ ವಿಷಯ ಬಿಟ್ಟು ಬೇರೆ ಏನನ್ನೂ ಕೇಳಬೇಡಿ, ಅಷ್ಟೇ.

ಇಷ್ಟೆಲ್ಲ ಒಂದು ಗೇಮ್‌ಗೋಸ್ಕರಾನಾ ಅಂತ ಕೇಳಬಹುದು. ದುಡ್ಡಿಟ್ಟು ಆಡೋ ಆನ್‌ಲೈನ್ ಆಟಗಳನ್ನ 2025ರ ಆಗಸ್ಟ್‌ನಲ್ಲಿ ಸಂಸತ್ತು ನಿಷೇಧ ಮಾಡ್ತು, ಅದರ ಬಗ್ಗೆ ನಾನು ಹೇಳ್ತಿಲ್ಲ. ನಾನು ಹೇಳ್ತಿರೋದು ರಾತ್ರಿ ಹತ್ತು ಗಂಟೆಯ ಸ್ಕ್ವಾಡ್ ಬಗ್ಗೆ. 2020ರ ಲಾಕ್‌ಡೌನಲ್ಲಿ ನಾವು ಹೈಸ್ಕೂಲ್ ಹುಡುಗರು, ಆನ್‌ಲೈನ್ ಕ್ಲಾಸಿಗೆ ಅಂತ ಕೊಡಿಸಿದ ಫೋನಲ್ಲಿ ಪಬ್‌ಜಿ ಕಲಿತ್ವಿ. ಆ ಸೆಪ್ಟೆಂಬರ್‌ನಲ್ಲಿ ಬ್ಯಾನ್ ಆಯ್ತು. 2021ರ ಜುಲೈನಲ್ಲಿ ಬಿಜಿಎಂಐ ಬಂತು, 2022ರ ಜುಲೈನಲ್ಲಿ ಸ್ಟೋರಿಂದ ಹೋಯ್ತು, 2023ರ ಮೇನಲ್ಲಿ ಮತ್ತೆ ಬಂತು. ಆಟ ಬಂದು ಹೋಗಿ ಮಾಡಿದ್ರೂ ಗುಂಪು ಉಳೀತು. ಪಿಯುಸಿ ಮುಗಿದ ಮೇಲೆ ಒಬ್ಬ ಇಂಜಿನಿಯರಿಂಗ್, ಒಬ್ಬ ಮೈಸೂರಲ್ಲಿ ಬಿಕಾಂ, ಒಬ್ಬ ಅಪ್ಪನ ಗೊಬ್ಬರದ ಅಂಗಡಿ, ಇನ್ನೊಬ್ಬ ಆ ಹೊಗೆಸೊಪ್ಪಿನವನು. ವಾಟ್ಸಾಪ್ ಗ್ರೂಪಲ್ಲಿ ಹುಟ್ಟಿದಹಬ್ಬದ ಕೇಕ್ ಇಮೋಜಿ ಬಿಟ್ರೆ ಬೇರೇನೂ ಬರಲ್ಲ. ನಾವು ನಿಜವಾಗಿ ಮಾತಾಡೋ ಜಾಗ ಅಂತ ಉಳಿದಿರೋದು ಆ ಲಾಬಿ ಒಂದೇ. ಯಾರಿಗೆ ಸಪ್ಲಿ ಬಿತ್ತು, ಯಾರ ಮನೇಲಿ ಹುಷಾರಿಲ್ಲ ಅನ್ನೋದೆಲ್ಲ ಪ್ಲೇನಲ್ಲಿ ಕೂತಿರೋ ಆ ಒಂದು ನಿಮಿಷದಲ್ಲೇ ತಿಳಿಯೋದು.

ಇಂಥ ಗುಂಪುಗಳು ಒಡೆಯೋದು ದೊಡ್ಡ ಜಗಳದಿಂದ ಅಲ್ಲ. ಒಬ್ಬ ಹೊಸ ಗೇಮಿಂಗ್ ಫೋನ್ ತಗೋತಾನೆ, 90 ಎಫ್‌ಪಿಎಸ್. ಇನ್ನೊಬ್ಬನದು ಅಣ್ಣ ಬಿಟ್ಟ ಹಳೇ ಫೋನು, ಫೈಟ್ ಶುರುವಾದ ತಕ್ಷಣ ಸ್ಕ್ರೀನ್ ನಿಂತುಬಿಡುತ್ತೆ. ಮೊದಲು ಸಾಯೋದು ಯಾವಾಗಲೂ ಅವನೇ. 'ಏನ್ ಗುರು, ಇನ್ನೂ ಆಡೋಕೆ ಬರಲ್ವಾ' ಅಂತ ಎರಡು ಸಲ ನಕ್ರೆ ಸಾಕು, ಮೂರನೇ ಸಲ ಅವನು 'ನಿದ್ದೆ ಬರ್ತಿದೆ' ಅಂತಾನೆ. ಆಮೇಲೆ ದಿನಾ ನಿದ್ದೆ ಬರುತ್ತೆ. ಇನ್ನು ಮೊದಲು ಹೇಳಿದ ಹಾಗೆ ಸತ್ತವನು ಲಾಬಿಗೆ ಹೋಗಿ ಬೇರೆಯವರ ಜೊತೆ ಮ್ಯಾಚ್ ಹಾಕಿದ್ರೆ, ಉಳಿದ ಮೂವರು ಮ್ಯಾಚ್ ಮುಗಿಸಿ ಬಂದಾಗ ಅವನಿಗೆ ಇನ್ನೂ ಅರ್ಧ ಗಂಟೆ ಇರುತ್ತೆ. ಅವನಿಗೆ ಕಾಯಲ್ಲ, ರ‍್ಯಾಂಡಮ್ ಒಬ್ಬನನ್ನ ಸೇರಿಸ್ಕೋತಾರೆ. ಒಂದು ತಿಂಗಳಲ್ಲಿ ನಾಲ್ಕು ಜನರ ಸ್ಕ್ವಾಡ್ ಇಬ್ಬರ ಡ್ಯುಯೋ ಆಗಿರುತ್ತೆ.

ನಮ್ಮ ಕಾಲೇಜ್ ಫೆಸ್ಟಲ್ಲಿ ಈ ಸಲವೂ ಗೇಮಿಂಗ್ ಈವೆಂಟ್ ಇರುತ್ತೆ. ಆಯೋಜಕರಿಗೆ ಮೂರು ವಿಷಯ ಕೇಳ್ತೀನಿ. ಔಟಾದ ಆಟಗಾರ ತನ್ನ ಸ್ಕ್ವಾಡ್ ಮುಗಿಯೋವರೆಗೆ ಕುರ್ಚಿ ಬಿಟ್ಟು ಏಳಬಾರದು, ಕಬಡ್ಡಿ ಥರ. ಎದ್ರೆ ಪಾಯಿಂಟ್ ಕಟ್. ಕರೆಂಟೋ ನೆಟ್ಟೋ ಹೋದ್ರೆ ಏನು ಮಾಡ್ತೀರಾ ಅಂತ ರೂಲ್ ಶೀಟಲ್ಲಿ ಮೊದಲೇ ಬರೀರಿ, ಹೋದ ಸಲದ ಹಾಗೆ ಸ್ಟೇಜ್ ಮುಂದೆ ನಿಂತು ಜಗಳ ಆಡೋದು ಬೇಡ. 2018ರಲ್ಲಿ ಓವರ್‌ವಾಚ್ ಒಂದು ಪದ್ಧತಿ ತಂತು, ಮ್ಯಾಚ್ ಮುಗಿದ ಮೇಲೆ ಚೆನ್ನಾಗಿ ನಡ್ಕೊಂಡ ಆಟಗಾರರನ್ನ ಬೇರೆ ಆಟಗಾರರೇ ಗುರುತಿಸೋದು. ಹಾಗೇ ಟಾಪ್ ಫ್ರ್ಯಾಗರ್‌ಗೆ ಕೊಡೋ ಹಾಗೆ, ಬೇರೆ ಟೀಮಿನವರು ವೋಟ್ ಹಾಕಿ ಆರಿಸಿದ ಒಬ್ಬ ಟೀಮ್‌ಮೇಟ್‌ಗೂ ಒಂದು ಪ್ರೈಜ್ ಇಡಿ. ಸ್ಪಾನ್ಸರ್ ಸಿಗದಿದ್ರೆ ಕ್ಯಾಂಟೀನ್ ಮಸಾಲೆ ದೋಸೆ ಕೂಪನ್ ಆದ್ರೂ ಆಯ್ತು. ಕೋಆರ್ಡಿನೇಟರ್ಸ್‌ನಲ್ಲಿ ಇಬ್ಬರು ನಮ್ಮ ಸಂಘದವರೇ ಇದ್ದೀರಾ, ರೂಲ್ ಶೀಟ್ ಇನ್ನೂ ಪ್ರಿಂಟಿಗೆ ಹೋಗಿಲ್ಲ ಅಂತ ಕೇಳ್ಪಟ್ಟೆ.